ಸಂಡೂರಿನ ಹಸಿರು ಕಲ್ಲು ಸಮುದ್ರದಿಂದ ಬಂದಿದ್ದಾ? ಒಂದು ಪ್ರಕರಣ ಅಧ್ಯಯನ

ಪ್ರಶ್ನೆ

ಸಂಡೂರು ಅಂದರೆ ಎಲ್ಲರಿಗೂ ಮೊದಲು ನೆನಪಾಗೋದು ಕೆಂಪು ಅದಿರು. ದೋಣಿಮಲೈ, ಕುಮಾರಸ್ವಾಮಿ ಬೆಟ್ಟ, ದೇವಗಿರಿ ಅಂತ ಹೆಸರು ಹೇಳಿದರೆ ಸಾಕು, ಲಾರಿ ಸಾಲು ಕಣ್ಮುಂದೆ ಬರುತ್ತೆ. ಇಲ್ಲಿ ಬರೆಯಹೊರಟಿರೋದು ಆ ಅದಿರಿನ ಬಗ್ಗೆ ಅಲ್ಲ. ಅದರ ಅಡಿಯಲ್ಲಿ, ಅಕ್ಕಪಕ್ಕದಲ್ಲಿ ಬಿದ್ದಿರುವ ಹಸಿರುಗಪ್ಪು ಕಲ್ಲಿನ ಬಗ್ಗೆ. ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಗಣಿಯ ಲೆಕ್ಕದಲ್ಲಿ ಅದು ವೇಸ್ಟ್. ಆದರೆ ಅದು ಸುಮಾರು 270 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ.

ಆ ಲಾವಾ ಹರಿದಿದ್ದು ಎಲ್ಲಿ? ಇದೇ ಪ್ರಕರಣ. ಉತ್ತರ ಮೂರಿವೆ. ನಡುಸಮುದ್ರದ ತಳದಲ್ಲಿ ಎದ್ದ ಒಂದು ಭಾರೀ ಪ್ರಸ್ಥಭೂಮಿಯಲ್ಲಿ ಅನ್ನುವುದು ಒಂದು. ಇಂದಿನ ಜಪಾನ್, ಇಂಡೋನೇಷ್ಯಾದಂಥ ಜ್ವಾಲಾಮುಖಿ ದ್ವೀಪಸಾಲಿನಲ್ಲಿ ಅನ್ನುವುದು ಇನ್ನೊಂದು. ಹಳೆಯ ನೆಲವೇ ಸೀಳಿ, ಅದರ ಮೇಲೆ ಹರಿಯಿತು ಅನ್ನುವುದು ಮೂರನೆಯದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲಾವಾದ ಒಂದು ದೊಡ್ಡ ಪಾಲು ಸಾಗರ ಪ್ರಸ್ಥಭೂಮಿಯದೇ. ಆದರೆ ಇಡೀ ಸಂಡೂರು ಪಟ್ಟಿಯನ್ನು, ಅಂದರೆ ಗ್ರಾನೈಟ್ ನಡುವೆ ಉದ್ದಕ್ಕೆ ಚಾಚಿದ ಈ ಕಲ್ಲುಗಳ ಸಾಲನ್ನು, ಒಂದೇ ಪ್ರಸ್ಥಭೂಮಿ ಅಂತ ಕರೆಯಲು ಆಗಲ್ಲ. ಬೇರೆ ಬೇರೆ ಕಡೆ ಹುಟ್ಟಿದ ತುಂಡುಗಳು ಇಲ್ಲಿ ಒಟ್ಟಿಗೆ ಸೇರಿವೆ. ಹೀಗೆ ಹೇಳಲು ಏನು ಆಧಾರ, ಎಲ್ಲಿ ಆಧಾರ ಸಡಿಲ, ಎರಡನ್ನೂ ಇಲ್ಲಿ ಇಡುತ್ತೇನೆ.

ಮುಳುಗಲು ಒಪ್ಪದ ನೆಲ

ಸಮುದ್ರದ ತಳ ಸಾಮಾನ್ಯವಾಗಿ ತೆಳು. ಅಲ್ಲಿನ ಬಸಾಲ್ಟ್ (ಲಾವಾ ತಣಿದು ಆದ ಕಪ್ಪು ಕಲ್ಲು) ತೊಗಟೆ ಸರಾಸರಿ ಸುಮಾರು 7 ಕಿಲೋಮೀಟರ್ ದಪ್ಪ. ಅದು ಸಾಗರದ ನಡುವಿನ ಏಣುಗಳಲ್ಲಿ ಹುಟ್ಟುತ್ತದೆ, ಹುಟ್ಟಿದಲ್ಲಿಂದ ದೂರ ಸರಿಯುತ್ತಾ ತಣ್ಣಗಾಗುತ್ತದೆ, ಕೊನೆಗೆ ಕಂದಕಗಳಲ್ಲಿ ಬಾಗಿ ಭೂಮಿಯೊಳಗೆ ಇಳಿದುಹೋಗುತ್ತದೆ. ಇವತ್ತು ಸಾಗರಗಳಲ್ಲಿರುವ ತೊಗಟೆಯ ಬಹುಪಾಲು 20 ಕೋಟಿ ವರ್ಷಕ್ಕಿಂತ ಹಳೆಯದಲ್ಲ. ಅದಕ್ಕಿಂತ ಹಳೆಯದೆಲ್ಲ ಹೆಚ್ಚುಕಮ್ಮಿ ಒಳಗೆ ಹೋಗಿಬಿಟ್ಟಿದೆ.

ಕೆಲವು ಕಡೆ ಮಾತ್ರ ಲೆಕ್ಕ ಬೇರೆ. ಪೆಸಿಫಿಕ್‌ನ ಪಶ್ಚಿಮದಲ್ಲಿ, ಸಾಲೊಮನ್ ದ್ವೀಪಗಳ ಉತ್ತರಕ್ಕೆ ಒಂಟಾಂಗ್ ಜಾವಾ ಅನ್ನುವ ಪ್ರಸ್ಥಭೂಮಿ ಇದೆ. ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದು ಬಹುತೇಕ ನೀರೊಳಗಿದೆ. ಮುಖ್ಯ ಪ್ರಸ್ಥಭೂಮಿಯ ಎತ್ತರದ ಭಾಗವೂ ಅಲೆಗಳಿಂದ ಸುಮಾರು 1,700 ಮೀಟರ್ ಕೆಳಗೆ. ವಿಸ್ತೀರ್ಣ 15 ಲಕ್ಷ ಚದರ ಕಿಲೋಮೀಟರಿಗೂ ಜಾಸ್ತಿ. ನಮ್ಮ ಕರ್ನಾಟಕದಂಥ ಏಳೆಂಟು ರಾಜ್ಯ ಅದರ ಮೇಲೆ ಆರಾಮಾಗಿ ಕೂರುತ್ತವೆ. ತೊಗಟೆಯ ದಪ್ಪ 30 ಕಿಲೋಮೀಟರ್ ದಾಟುತ್ತದೆ. ಅದರ ಬಹುಪಾಲು ಸುಮಾರು 12 ಕೋಟಿ ವರ್ಷಗಳ ಹಿಂದೆ, ಭೂಮಿಯ ಕಾಲಮಾನದಲ್ಲಿ ಬಹಳ ಬೇಗ ಬೇಗ ಉಕ್ಕಿ ಬಂದ ಬಸಾಲ್ಟ್. ಸುಮಾರು 9 ಕೋಟಿ ವರ್ಷಗಳ ಹಿಂದೆ ಇನ್ನೊಂದು ಸಣ್ಣ ಸುತ್ತು ನಡೆಯಿತು. ಬೀದರ್, ಕಲಬುರಗಿ ಕಡೆ ನಾವು ನೋಡುವ ದಖ್ಖನ್ ಲಾವಾ ಸುಮಾರು 6.6 ಕೋಟಿ ವರ್ಷ ಹಳೆಯದು, ಇವತ್ತು ಉಳಿದಿರೋದು ಸುಮಾರು 5 ಲಕ್ಷ ಚದರ ಕಿಲೋಮೀಟರ್. ಅದೇ ಥರದ ಘಟನೆ ಸಮುದ್ರದ ತಳದಲ್ಲಿ ನಡೆದರೆ ಸಾಗರ ಪ್ರಸ್ಥಭೂಮಿ ಆಗುತ್ತದೆ.

ಇಷ್ಟು ಲಾವಾ ಎಲ್ಲಿಂದ ಬಂತು? ಆಳದಿಂದ ಮೇಲೇಳುವ ಬಿಸಿ ಕಲ್ಲಿನ ಕಂಬ, ಅಂದರೆ ಪ್ಲೂಮ್, ಕರಗಿ ಹೊರಬಂತು ಅಂತ ಬಹಳ ಜನ ಹೇಳುತ್ತಾರೆ. ಇದಕ್ಕೆ ತಕರಾರೂ ಇದೆ. ಅಷ್ಟು ಬಿಸಿ ಕಂಬ ಕೆಳಗಿಂದ ತಳ್ಳಿದರೆ ನೆಲ ನೀರಿನ ಮೇಲಕ್ಕೆ ಏಳಬೇಕಿತ್ತು, ಅಲ್ವಾ? ಒಂಟಾಂಗ್ ಜಾವಾದ ಲಾವಾ ಬಹುತೇಕ ಆಳ ನೀರಿನಲ್ಲೇ ಹರಿದಿದೆ. ಜಪಾನಿನ ಪೂರ್ವಕ್ಕಿರುವ ಶಾಟ್ಸ್‌ಕಿ ದಿಬ್ಬದ್ದೂ ಇಂಥದ್ದೇ ಜಗಳ. 2013ರಲ್ಲಿ ಅದರ ಟಾಮು ಮಾಸಿಫ್ ಭಾಗ ಜಗತ್ತಿನ ಅತಿದೊಡ್ಡ ಒಂಟಿ ಜ್ವಾಲಾಮುಖಿ ಅಂತ ಸುದ್ದಿಯಾಯಿತು. 2019ರ ಹೊತ್ತಿಗೆ ಅಲ್ಲಿನ ಕಾಂತೀಯ ಪಟ್ಟಿಗಳನ್ನು ಓದಿದವರು, ಅದು ಸಾಗರದ ಏಣಿನಲ್ಲೇ ಹರಡುತ್ತಾ ಬೆಳೆದಿದ್ದು ಅಂತ ತೋರಿಸಿದರು. ಹಡಗು ತಗೊಂಡು ಹೋಗಿ, ತೂತು ಕೊರೆದು ನೋಡಬಹುದಾದ ಕಡೆಯೇ ಇಷ್ಟು ವಾದ ಇದೆ. ಸಂಡೂರಿನಲ್ಲಿ ನಮ್ಮ ಕೈಗೆ ಸಿಗೋದು ಮಡಚಿ, ಬಿಸಿಯಾಗಿ, ಸವೆದು ಉಳಿದ ಪಟ್ಟಿ ಮಾತ್ರ. ಇಷ್ಟನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಈ ಪ್ರಕರಣಕ್ಕೆ ನಿಜವಾಗಿ ಬೇಕಾದದ್ದು ಪ್ರಸ್ಥಭೂಮಿಯ ಇನ್ನೊಂದು ಗುಣ. ಅದು ಸುಲಭವಾಗಿ ಮುಳುಗಲ್ಲ. ಬಾಗಿಲ ಸಂದಿಯಲ್ಲಿ ಕಾಗದ ತೂರಿಸಬಹುದು, ಶೇಂಗಾ ತುಂಬಿದ ಚೀಲ ತೂರಿಸಲು ಆಗಲ್ಲ. ದಪ್ಪ ಒಂದೇ ಕಾರಣ ಅಲ್ಲ, ತೇಲುವ ಗುಣವೂ ಜಾಸ್ತಿ. ಒಂಟಾಂಗ್ ಜಾವಾ ತೇಲುತ್ತಾ ಬಂದು ಸಾಲೊಮನ್ ದ್ವೀಪಸಾಲಿಗೆ ಗುದ್ದಿದಾಗ ಆಗಿದ್ದು ಇದೇ. ಅದುವರೆಗೆ ಪೆಸಿಫಿಕ್ ಫಲಕ (ಭೂಮಿಯ ಹೊರಚಿಪ್ಪಿನ ಸರಿಯುವ ದೊಡ್ಡ ತುಂಡು) ಆ ದ್ವೀಪಗಳ ಕೆಳಗೆ ಇಳಿಯುತ್ತಿತ್ತು. ಪ್ರಸ್ಥಭೂಮಿ ಬಂದು ಸಿಕ್ಕಿಕೊಂಡ ಮೇಲೆ ದಿಕ್ಕೇ ಬದಲಾಯಿತು. ಈಗ ಎದುರು ಕಡೆಯಿಂದ ಆಸ್ಟ್ರೇಲಿಯಾ ಫಲಕ ಇಳಿಯುತ್ತಿದೆ. ಪ್ರಸ್ಥಭೂಮಿಯ ಕೆಳಭಾಗದಲ್ಲಿ ಸ್ವಲ್ಪ ಒಳಗೆ ಹೋಗಿದೆ, ಮೇಲಿನ ಪದರಗಳು ಕೆರೆದು ಎದ್ದು ನಿಂತಿವೆ. ಸಾಲೊಮನ್ ದ್ವೀಪಗಳಲ್ಲೊಂದಾದ ಮಲೈಟಾದಲ್ಲಿ ನಡೆದಾಡಿದರೆ ಕಾಲ ಕೆಳಗೆ ಸಿಗೋದು 12 ಕೋಟಿ ವರ್ಷ ಹಳೆಯ ಆ ಸಮುದ್ರತಳವೇ.

270 ಕೋಟಿ ವರ್ಷ ಹಳೆಯ ಸಾಗರದ ತಳ ಇವತ್ತು ನಮಗೆ ಎಲ್ಲಾದರೂ ಸಿಗಬೇಕಾದರೆ, ಹೀಗೆ ಮುಳುಗಲು ಒಪ್ಪದೆ ಖಂಡಕ್ಕೆ ಅಂಟಿಕೊಂಡ ತುಂಡುಗಳಲ್ಲೇ ಹುಡುಕಬೇಕು. ಆ ಕಾಲದಲ್ಲಿ ಭೂಮಿಯ ಒಳಗು ಇವತ್ತಿಗಿಂತ ನೂರಾರು ಡಿಗ್ರಿ ಬಿಸಿಯಾಗಿತ್ತು ಅನ್ನುವುದನ್ನೂ ಸೇರಿಸಿ. ಹೆಚ್ಚು ಬಿಸಿ ಅಂದರೆ ಹೆಚ್ಚು ಕರಗುವಿಕೆ, ಅಂದರೆ ಇನ್ನೂ ದಪ್ಪ ತೊಗಟೆ.

ಕೋರ್ ಬಾಕ್ಸ್‌ನಲ್ಲಿ

ಗಣಿ ಭೂವಿಜ್ಞಾನಿಯ ಕೆಲಸದಲ್ಲಿ ದಿನದ ದೊಡ್ಡ ಭಾಗ ಕೋರ್ ಲಾಗಿಂಗ್‌ಗೆ ಹೋಗುತ್ತದೆ. ಡ್ರಿಲ್ ಹೊರತೆಗೆದ ಉದ್ದನೆಯ ಕಲ್ಲಿನ ಕೋಲುಗಳನ್ನು ಬಾಕ್ಸ್‌ನಲ್ಲಿ ಸಾಲಾಗಿ ಜೋಡಿಸಿರುತ್ತಾರೆ. ಮೇಲೆ ಮೆತ್ತನೆಯ ಕೆಂಪು ಅದಿರು. ಕೆಳಗೆ ಹೋದಂತೆ ಗಟ್ಟಿ ಅದಿರು. ಆಮೇಲೆ ಬಿಎಚ್‌ಕ್ಯೂ, ಅಂದರೆ ಬ್ಯಾಂಡೆಡ್ ಹೆಮಟೈಟ್ ಕ್ವಾರ್ಟ್ಜೈಟ್: ಕಬ್ಬಿಣದ ಕಪ್ಪು ಗೆರೆ, ಸಿಲಿಕಾದ ಬಿಳಿ–ಕೆಂಪು ಗೆರೆ ಒಂದರ ಮೇಲೊಂದು. ಅದರ ಕೆಳಗೆ ಬೆರಳಿಗೆ ನುಣುಪಾಗಿ ಹತ್ತುವ ಫಿಲೈಟ್, ಜೇಡಿ ಒತ್ತಡಕ್ಕೆ ಸಿಕ್ಕಿ ಆದ ಪದರುಗಲ್ಲು. ಕೆಲವು ತೂತುಗಳಲ್ಲಿ ಅದನ್ನೂ ದಾಟಿ ಹಸಿರು ಬರುತ್ತದೆ.

ಡ್ರಿಲ್ ಓಡಿಸುವವರು ಅಲ್ಲಿಗೆ ಕೇಳುತ್ತಾರೆ: "ಸರ್, ಹಸಿರು ಬಂತು. ಬಂದ್ ಮಾಡ್ಲಾ?"

"ಇನ್ನೊಂದು ಮೂರು ಮೀಟರ್ ಹೊಡೀರಿ ಅಣ್ಣಾ."

"ಅದ್ರಾಗ ಏನೂ ಇಲ್ಲಲ್ರಿ ಸರ್."

ಅದಿರಿನ ಲೆಕ್ಕದಲ್ಲಿ ಅವರು ಹೇಳೋದು ಸರಿ. ಮೀಟರಿಗೆ ಇಷ್ಟು ಅಂತ ದುಡ್ಡು ಹೋಗುತ್ತಿರುತ್ತದೆ. ಆದರೂ ಆ ಮೂರು ಮೀಟರ್ ಹಸಿರನ್ನು ನಾನು ಸಾಧ್ಯವಾದಾಗಲೆಲ್ಲ ಕೇಳುತ್ತೇನೆ.

ಒಣಗಿದಾಗ ಅದು ಬೂದು ಬಣ್ಣ. ಒದ್ದೆ ಬಟ್ಟೆಯಲ್ಲಿ ಒರೆಸಿದ ಕೂಡಲೇ ಕಡುಹಸಿರು ಎದ್ದು ಬರುತ್ತದೆ. ಚಾಕುವಿನಿಂದ ಗೀರಿದರೆ ಬಿಳಿಚಿದ ಹಸಿರು ಪುಡಿ, ಅದು ಕ್ಲೋರೈಟ್. ಲೆನ್ಸ್ ಹಿಡಿದರೆ ಸೂಜಿಯಂಥ ಆಂಫಿಬೋಲ್ ಹರಳು ಒಂದೇ ದಿಕ್ಕಿಗೆ ಮಲಗಿರುತ್ತವೆ. ಬಿಳಿ ಎಳೆಗಳ ಮೇಲೆ ಒಂದು ಹನಿ ಆಸಿಡ್ ಬಿಟ್ಟರೆ ಸುಯ್ ಅಂತ ನೊರೆ ಬರುತ್ತದೆ, ಅದು ಕಾರ್ಬೊನೇಟ್. ಮೂಲದಲ್ಲಿ ಬಸಾಲ್ಟ್ ಆಗಿದ್ದದ್ದು ನೀರು, ಶಾಖ, ಒತ್ತಡ ಮೂರೂ ಸೇರಿ ಹೀಗಾಗಿದೆ. ಹಳೆಯ ಹರಳುಗಳಲ್ಲಿ ಉಳಿದಿರೋದು ಬಹಳ ಕಮ್ಮಿ.

ನೀರೊಳಗೆ ಹರಿದ ಲಾವಾ ಅಂತ ಗುರುತಿಸುವ ಸರಳ ಸಾಕ್ಷಿ ದಿಂಬು ಲಾವಾ. ಬಿಸಿ ಲಾವಾ ನೀರಿಗೆ ತಾಗಿದ ಕೂಡಲೇ ಹೊರಗೆ ಗಾಜಿನಂಥ ಸಿಪ್ಪೆ ಕಟ್ಟುತ್ತದೆ, ಒಳಗಿನದು ಉಬ್ಬಿ ಗುಂಡಗಾಗುತ್ತದೆ. ಒಂದರ ಮೇಲೊಂದು ಕೂತಾಗ ಮೇಲಿನ ದಿಂಬು ಕೆಳಗಿನ ಎರಡರ ನಡುವಿನ ಸಂದಿಗೆ ಚೂಪಾಗಿ ಇಳಿಯುತ್ತದೆ. ಆ ಚೂಪು ಯಾವ ಕಡೆಗಿದೆಯೋ ಅದೇ ಆಗಿನ ಕೆಳಗು. ಪದರಗಳು ಮಗುಚಿವೆಯೋ ನೆಟ್ಟಗಿವೆಯೋ ಅಂತ ಇದರಿಂದಲೇ ತಿಳಿಯುತ್ತೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಇಂಥ ದಿಂಬುಗಳು ಎಷ್ಟು ಚೆನ್ನಾಗಿವೆ ಅಂದರೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಮಾಡಿದ್ದಾರೆ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಇರುವ ಹಟ್ಟಿ–ಮಸ್ಕಿ ಪಟ್ಟಿಯಲ್ಲೂ ದಿಂಬುಗಳಿವೆ. ಅಲ್ಲಿ ಒತ್ತಡಕ್ಕೆ ಸಿಕ್ಕಿ ಉದ್ದಕ್ಕೆ ಚಪ್ಪಟೆಯಾದವೂ ಕಾಣುತ್ತವೆ. ಆದರೆ ದಿಂಬು ನೀರು ಇತ್ತು ಅಂತ ಮಾತ್ರ ಹೇಳುತ್ತದೆ. ಪ್ರಸ್ಥಭೂಮಿಯೋ ದ್ವೀಪಸಾಲೋ ಅಂತ ಹೇಳಲ್ಲ.

ನಿಯೋಬಿಯಂ ಹೇಳುವ ಸಾಕ್ಷಿ

ಅದನ್ನು ಹೇಳಲು ಪ್ರಯೋಗಾಲಯಕ್ಕೆ ಹೋಗಬೇಕು. ಇಲ್ಲಿ ಒಂದು ಎಚ್ಚರಿಕೆ ಬೇಕು. 270 ಕೋಟಿ ವರ್ಷದಲ್ಲಿ ಕಲ್ಲಿನೊಳಗೆ ಎಷ್ಟೋ ಸಲ ಬಿಸಿನೀರು ಓಡಾಡಿದೆ. ಸೋಡಿಯಂ, ಪೊಟ್ಯಾಸಿಯಂ, ಬೇರಿಯಂ ಇವೆಲ್ಲ ನೀರಿನ ಜೊತೆ ಹೋಗುತ್ತವೆ, ಬರುತ್ತವೆ. ಅವನ್ನು ನಂಬಿ ತೀರ್ಪು ಕೊಡಬಾರದು. ನಿಯೋಬಿಯಂ, ಥೋರಿಯಂ, ಟೈಟೇನಿಯಂ, ಜಿರ್ಕೋನಿಯಂ, ಮತ್ತೆ ಬಹುತೇಕ ಅಪರೂಪದ ಭಸ್ಮ ಧಾತುಗಳು (ರೇರ್ ಅರ್ತ್) ಅಷ್ಟು ಸುಲಭವಾಗಿ ಜಾಗ ಬಿಡಲ್ಲ. ಸಾಕ್ಷಿ ಇವೇ.

ಸಾಗರ ಫಲಕ ಒಳಗೆ ಇಳಿಯುವಾಗ ಅದರಿಂದ ನೀರು ಬಿಡುಗಡೆ ಆಗುತ್ತದೆ. ಮೇಲಿನ ಬಿಸಿ ಕಲ್ಲಿಗೆ ಆ ನೀರು ಸೇರಿದರೆ ಅದು ಕರಗಿ ದ್ವೀಪಸಾಲಿನ ಲಾವಾ ಆಗುತ್ತದೆ. ಇಳಿಯುವ ಫಲಕದಿಂದ ಥೋರಿಯಂನಂಥವು ಮೇಲಿನ ಕಲ್ಲಿಗೆ ಬಂದು ಸೇರುತ್ತವೆ. ನಿಯೋಬಿಯಂ ಮಾತ್ರ ರೂಟೈಲ್‌ನಂಥ ಹರಳುಗಳಲ್ಲಿ ಹಿಡಿದಿಟ್ಟ ಹಾಗೆ ಕೆಳಗೇ ಉಳಿಯುತ್ತದೆ. ಹೀಗಾಗಿ ದ್ವೀಪಸಾಲಿನ ಬಸಾಲ್ಟ್‌ನಲ್ಲಿ ನಿಯೋಬಿಯಂ ಎದ್ದು ಕಾಣುವಷ್ಟು ಕಮ್ಮಿ. ಪ್ರಸ್ಥಭೂಮಿಯ ಬಸಾಲ್ಟ್‌ನಲ್ಲಿ ಈ ಕೊರತೆ ಇರಲ್ಲ. ಭೂಮಿಯ ಮೂಲ ಮ್ಯಾಂಟಲ್‌ನಲ್ಲಿ (ತೊಗಟೆಯ ಕೆಳಗಿನ ದಪ್ಪ ಪದರ) ನಿಯೋಬಿಯಂ ಥೋರಿಯಂಗಿಂತ ಸುಮಾರು 8 ಪಟ್ಟು. ಪ್ರಸ್ಥಭೂಮಿಯ ಲಾವಾ ಈ ಅಂಕಿಯ ಆಸುಪಾಸಿನಲ್ಲಿ ಇರುತ್ತದೆ. ದ್ವೀಪಸಾಲಿನದು ಅದಕ್ಕಿಂತ ಬಹಳ ಕೆಳಗೆ ಬೀಳುತ್ತದೆ.

2008ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ (ಎನ್‌ಜಿಆರ್‌ಐ) ಸಿ. ಮಾಣಿಕ್ಯಾಂಬ ಮತ್ತು ಅವರ ಜೊತೆಗಾರರು ಸಂಡೂರಿನ ಲಾವಾಗಳ ಬಗ್ಗೆ ಪ್ರಕಟಿಸಿದ ಕೆಲಸ ಈ ಪ್ರಕರಣದ ಮುಖ್ಯ ದಾಖಲೆ. ಅವರಿಗೆ ಸಿಕ್ಕಿದ್ದು ಒಂದಲ್ಲ, ಎರಡು ಗುಂಪು. ಒಂದು ಗುಂಪಿನಲ್ಲಿ ಕೊಮಾಟಿಯೈಟ್ ಮತ್ತು ಥೋಲಿಯೈಟ್ ಬಸಾಲ್ಟ್, ಇದು ಪ್ಲೂಮ್‌ನ ಗುರುತು. ಇನ್ನೊಂದರಲ್ಲಿ ದ್ವೀಪಸಾಲಿನ ಬಸಾಲ್ಟ್ ಮತ್ತು ಅಡಾಕೈಟ್, ಇದು ಫಲಕ ಇಳಿಯುವ ಜಾಗದ ಗುರುತು. ಎರಡೂ ಒಂದೇ ಪಟ್ಟಿಯಲ್ಲಿ!

ಕೊಮಾಟಿಯೈಟ್ ಬಗ್ಗೆ ಎರಡು ಮಾತು ಹೇಳಲೇಬೇಕು. ದಕ್ಷಿಣ ಆಫ್ರಿಕಾದ ಕೊಮಾಟಿ ನದಿಯ ಹೆಸರಿನ ಈ ಕಲ್ಲನ್ನು 1969ರಲ್ಲಿ ವಿಲ್ಯೂನ್ ಸಹೋದರರು ಬೇರೆಯಾಗಿ ಗುರುತಿಸಿದರು. ಇದರಲ್ಲಿ ಮೆಗ್ನೀಸಿಯಂ ಆಕ್ಸೈಡ್ ಶೇ. 18ಕ್ಕಿಂತ ಜಾಸ್ತಿ. ಹವಾಯಿಯ ಲಾವಾ ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹರಿದರೆ, ಕೊಮಾಟಿಯೈಟ್ ಹರಿದಿದ್ದು ಸುಮಾರು 1,600 ಡಿಗ್ರಿಯಲ್ಲಿ. ಆದ್ದರಿಂದ ಇದು ಬಹುತೇಕ ಭೂಮಿಯ ಎಳೆ ವಯಸ್ಸಿನ ಕಲ್ಲು. ಒಂದು ಅಪವಾದ ಇದೆ. ಕೊಲಂಬಿಯಾದ ಗೊರ್ಗೋನಾ ದ್ವೀಪದಲ್ಲಿ ಸುಮಾರು 9 ಕೋಟಿ ವರ್ಷದ ಕೊಮಾಟಿಯೈಟ್ ಸಿಕ್ಕಿದೆ. ಆ ದ್ವೀಪವನ್ನು ಕೆರಿಬಿಯನ್ ಸಾಗರ ಪ್ರಸ್ಥಭೂಮಿಯ ತುಂಡು ಅಂತ ಎಣಿಸುತ್ತಾರೆ. ಸಂಡೂರಿನ ಮೊದಲ ಗುಂಪನ್ನು ಪ್ರಸ್ಥಭೂಮಿ ಅನ್ನಲು ನನಗೆ ಧೈರ್ಯ ಕೊಟ್ಟಿದ್ದು ಈ ಗೊರ್ಗೋನಾವೇ.

ಎರಡು ಗುಂಪು ಹೇಗೆ ಒಟ್ಟಾದವು ಅನ್ನಲು ಮಲೈಟಾ ನೋಡಿ. ಅಲ್ಲೂ ಪ್ರಸ್ಥಭೂಮಿ ದ್ವೀಪಸಾಲಿಗೆ ಬಂದು ಸೇರಿದೆ. ಇನ್ನೂ ಕೋಟ್ಯಂತರ ವರ್ಷ ಬಿಟ್ಟು ಅದನ್ನು ಮಡಚಿ, ಬೇಯಿಸಿ, ಅರ್ಧ ಸವೆಸಿದರೆ, ಹತ್ತಿರ ಹತ್ತಿರದಲ್ಲೇ ಎರಡು ಥರದ ಲಾವಾ ಸಿಗುತ್ತವೆ.

ಮರಳು ಅಡ್ಡ ಬರುತ್ತದೆ

ಇಷ್ಟಾದರೆ ಪ್ರಕರಣ ಮುಗಿಯಬೇಕಿತ್ತು. ಆದರೆ ಸಂಡೂರು ಪಟ್ಟಿಯ ಕೆಳ ಪದರಗಳಲ್ಲಿ, ಯಶವಂತನಗರದ ಕಡೆಯ ಲಾವಾದ ಜೊತೆಯಲ್ಲೇ, ಕ್ವಾರ್ಟ್ಜೈಟ್ ಇದೆ. ಅದು ಮೂಲದಲ್ಲಿ ಮರಳು. ಬಸಾಲ್ಟ್‌ನಲ್ಲಿ ಬಿಳಿ ಮರಳಾಗುವಷ್ಟು ಕ್ವಾರ್ಟ್ಜ್ ಇರಲ್ಲ. ಆ ಮರಳು ಗ್ರಾನೈಟ್ ಅಥವಾ ನೈಸ್‌ನಂಥ (ಶಾಖ, ಒತ್ತಡಕ್ಕೆ ಸಿಕ್ಕಿ ಪಟ್ಟೆ ಪಟ್ಟೆಯಾದ ಕಲ್ಲು) ಖಂಡದ ಕಲ್ಲು ಸವೆದು ಬಂದಿರಬೇಕು. ಅಂದರೆ ಹತ್ತಿರದಲ್ಲಿ ಎಲ್ಲೋ ಖಂಡ ಇತ್ತು. ದೇವಗಿರಿ ಕಡೆ ಮ್ಯಾಂಗನೀಸ್ ಅದಿರಿನ ಪದರಗಳ ಜೊತೆ ಸ್ಟ್ರೊಮ್ಯಾಟೊಲೈಟ್‌ಗಳೂ ಇವೆ. ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸುಣ್ಣದ ದಿಬ್ಬ ಅವು. ಬೆಳೆಯಲು ಬಿಸಿಲು ಬೇಕು, ಅಂದರೆ ಆಳವಿಲ್ಲದ ನೀರು.

ನಡುಸಮುದ್ರದ ಪ್ರಸ್ಥಭೂಮಿಗೆ ಖಂಡದ ಮರಳು ಎಲ್ಲಿಂದ ಬರಬೇಕು? ಹಳೆಯ ನೆಲದ ಮೇಲೇ ಲಾವಾ ಹರಿಯಿತು ಅನ್ನುವವರ ಗಟ್ಟಿ ವಾದ ಇದು. ಅವರು ಇನ್ನೊಂದನ್ನೂ ಹೇಳುತ್ತಾರೆ: ಖಂಡದ ತೊಗಟೆಯಲ್ಲೂ ನಿಯೋಬಿಯಂ ಕಮ್ಮಿ, ಹಾಗಾಗಿ ಲಾವಾ ಮೇಲೆ ಬರುವಾಗ ಖಂಡದ ಕಲ್ಲನ್ನು ಕರಗಿಸಿಕೊಂಡರೂ ದ್ವೀಪಸಾಲಿನ ಲಾವಾದಂತೆ ಕಾಣುತ್ತದೆ. ಇದು ನ್ಯಾಯವಾದ ಮಾತು. ಎರಡನೇ ಗುಂಪನ್ನು ಓದುವಾಗ ಇದನ್ನು ತಲೆಯಲ್ಲಿ ಇಟ್ಟುಕೊಳ್ಳಲೇಬೇಕು.

ಮರಳಿನ ಪ್ರಶ್ನೆಗೆ ಒಂದು ಉತ್ತರ ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿದೆ. ಅಲ್ಲಿನ ಕೆರ್ಗೆಲೆನ್ ಪ್ರಸ್ಥಭೂಮಿ ಸುಮಾರು 12 ಕೋಟಿ ವರ್ಷಗಳ ಹಿಂದೆ ಬೆಳೆಯಲು ಶುರುವಾಯಿತು. ಝಾರ್ಖಂಡಿನ ರಾಜಮಹಲ್ ಲಾವಾ ಕೂಡ ಅದೇ ಬಿಸಿಬಿಂದುವಿನ ಜೊತೆ ನಂಟು ಉಳ್ಳದ್ದು ಅಂತ ಹೇಳುತ್ತಾರೆ. 1998–99ರಲ್ಲಿ ಸಾಗರ ಕೊರೆತ ಯೋಜನೆಯ ಹಡಗು ಅಲ್ಲಿ ತೂತು ಹಾಕಿದಾಗ ಒಂದು ಕಡೆ ಮರದ ಚೂರು, ಇದ್ದಿಲು ಸಿಕ್ಕವು. ಈಗ ನೀರೊಳಗಿರುವ ಆ ಜಾಗ ಒಮ್ಮೆ ಕಾಡು ಬೆಳೆದ ನೆಲವಾಗಿತ್ತು. ಎಲಾನ್ ಬ್ಯಾಂಕ್ ಅನ್ನುವ ಭಾಗದಲ್ಲಿ ಲಾವಾ ಪದರಗಳ ನಡುವೆ ನೈಸ್ ಕಲ್ಲಿನ ಉರುಟು ಚೂರುಗಳು ಬಂದವು. ಸಾಗರದ ನಡುವೆ ಖಂಡದ ಕಲ್ಲು! ಭಾರತದ ಪೂರ್ವ ಕರಾವಳಿಯಿಂದ ಕಳಚಿಕೊಂಡ ತುಂಡೊಂದು ಆ ಪ್ರಸ್ಥಭೂಮಿಯೊಳಗೆ ಸೇರಿಹೋಗಿದೆ ಅನ್ನುವುದು ಅದಕ್ಕೆ ಕೊಡುವ ವಿವರಣೆ.

ಹಾಗಾಗಿ ಮರಳು ಸಿಕ್ಕಿತು ಅಂದ ಮಾತ್ರಕ್ಕೆ ಪ್ರಸ್ಥಭೂಮಿ ಅನ್ನುವ ಉತ್ತರ ಬಿದ್ದುಹೋಗಲ್ಲ. ಪ್ರಸ್ಥಭೂಮಿ ಖಂಡದ ಅಂಚಿನಲ್ಲೇ ಹುಟ್ಟಬಹುದು, ಖಂಡದ ಚೂರು ಹೊತ್ತಿರಬಹುದು, ನೀರಿನ ಮೇಲೆ ತಲೆ ಎತ್ತಿ ಮತ್ತೆ ಮುಳುಗಬಹುದು. ತಲೆ ಎತ್ತಿದ ಭಾಗದ ಸುತ್ತ ಆಳವಿಲ್ಲದ ನೀರಿದ್ದರೆ ಸ್ಟ್ರೊಮ್ಯಾಟೊಲೈಟ್‌ಗೂ ಜಾಗ ಸಿಗುತ್ತದೆ. ಒಂಟಾಂಗ್ ಜಾವಾ ಒಂದನ್ನೇ ಮಾದರಿ ಮಾಡಿಕೊಂಡರೆ ಸಂಡೂರು ಹೊಂದಲ್ಲ. ಕೆರ್ಗೆಲೆನ್ ಪಕ್ಕ ಇಟ್ಟು ನೋಡಿದರೆ ಹೊಂದುತ್ತದೆ.

ಬೆಟ್ಟದ ಆಕಾರ ಬೇರೆ ಕಥೆ

1880ರ ದಶಕದಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಭಾಗವೆಲ್ಲ ಓಡಾಡಿ, ಗ್ರಾನೈಟ್–ನೈಸ್ ನಡುವೆ ಪಟ್ಟಿ ಪಟ್ಟಿಯಾಗಿ ಕೂತ ಈ ಕಪ್ಪು ಕಲ್ಲುಗಳನ್ನು ಧಾರವಾಡ ಶಿಲಾವರ್ಗ ಅಂತ ಬೇರೆ ಮಾಡಿದರು. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಶಿಲಾಯುಗದ ನೆಲೆಯನ್ನು ಗುರುತಿಸಿದವರೂ ಅವರೇ. ಇವತ್ತಿನ ನಕ್ಷೆಯಲ್ಲೂ ಅವರು ಕಂಡ ಚಿತ್ರವೇ ಇದೆ. ಸಂಡೂರು ಕಣಿವೆಯ ಎರಡೂ ಬದಿ ವಾಯುವ್ಯದಿಂದ ಆಗ್ನೇಯಕ್ಕೆ ಬೆಟ್ಟಸಾಲು, ಹೊರಗೆ ಗ್ರಾನೈಟ್. ಕೊಪ್ಪಳ ಜಿಲ್ಲೆಯ ಕುಷ್ಟಗಿ ಪಟ್ಟಿಯೂ ಹೀಗೇ ಗ್ರಾನೈಟ್ ನಡುವೆ ಸಿಕ್ಕಿಕೊಂಡಿದೆ. ಆನೆಗೊಂದಿ, ಹಂಪಿಯ ಗುಂಡುಗಲ್ಲುಗಳು ಈ ಗ್ರಾನೈಟ್‌ನವೇ. ಸುಮಾರು 250 ಕೋಟಿ ವರ್ಷ ಹಳೆಯವು, ಹಸಿರು ಕಲ್ಲಿಗಿಂತ ಕಿರಿಯವು.

ಈ ಆಕಾರ ನೋಡಿ ಕೆಲವರು ಹೇಳುತ್ತಾರೆ: ಫಲಕ ಗುದ್ದಿದ ಕಥೆಯೇ ಬೇಡ. ಭಾರದ ಬಸಾಲ್ಟ್ ಕೆಳಗೆ ಕುಸಿಯಿತು, ಹಗುರದ ಗ್ರಾನೈಟ್ ಗುಳ್ಳೆಯಂತೆ ಪಕ್ಕದಿಂದ ಎದ್ದಿತು, ಪಟ್ಟಿಯ ಆಕಾರ ಬಂತು. ಆಗಿನ ಬಿಸಿ ಭೂಮಿಯಲ್ಲಿ ಇದು ಆಗಿರಬಹುದು ಅಂತ ನನಗೂ ಅನ್ನಿಸುತ್ತದೆ. ಆದರೆ ಅದು ಲಾವಾ ಹರಿದ ಎಷ್ಟೋ ಕಾಲದ ಮೇಲೆ ನಡೆದದ್ದು. ಪಟ್ಟಿಗೆ ಆಕಾರ ಹೇಗೆ ಬಂತು ಅನ್ನುವುದಕ್ಕೆ ಅದು ಉತ್ತರ, ಲಾವಾ ಎಲ್ಲಿ ಹುಟ್ಟಿತು ಅನ್ನುವುದಕ್ಕೆ ಅಲ್ಲ. ಎರಡು ಪ್ರಶ್ನೆಗಳನ್ನು ಒಂದೇ ಮಾಡಿಕೊಂಡು ವಾದಿಸಿದ್ದರಿಂದ ಈ ಪ್ರಕರಣ ಬೇಕಿದ್ದಕ್ಕಿಂತ ಜಾಸ್ತಿ ಗೋಜಲಾಗಿದೆ.

ತೀರ್ಪು ನಿಂತಿರುವ ಜಾಗ

ಇಡೀ ಪ್ರಕರಣದ ಕೀಲಿ ಒಂದು ಗಡಿಯಲ್ಲಿದೆ. ಕ್ವಾರ್ಟ್ಜೈಟ್ ಮತ್ತು ಕೊಮಾಟಿಯೈಟ್ ಲಾವಾ ಒಂದನ್ನೊಂದು ಮುಟ್ಟುವ ಜಾಗ. ಮರಳಿನ ಮೇಲೆ ಲಾವಾ ನೇರವಾಗಿ ಹರಿದಿದ್ದರೆ ಮರಳಿನ ಮೇಲ್ಮೈ ಸುಟ್ಟು ಗಟ್ಟಿಯಾಗಿರಬೇಕು, ಲಾವಾದ ತಳ ಬೇಗ ತಣ್ಣಗಾಗಿ ಸಣ್ಣ ಹರಳಿನದಾಗಿರಬೇಕು, ಒಂದರ ಚೂರು ಇನ್ನೊಂದರಲ್ಲಿ ಸಿಗಬೇಕು. ಹಾಗಿದ್ದರೆ ಎರಡೂ ಒಂದೇ ಕಡೆ ಹುಟ್ಟಿದವು, ನೆಲ ಸೀಳಿದ ವಾದಕ್ಕೆ ಬಲ ಬರುತ್ತದೆ. ಅದರ ಬದಲು ಅಲ್ಲಿ ಅರೆದು ಪುಡಿಯಾದ, ಎಳೆಎಳೆಯಾಗಿ ಉಜ್ಜಿದ ಕಲ್ಲು ಸಿಕ್ಕರೆ ಅದು ಸ್ತರಭಂಗ. ಎಲ್ಲೋ ಹುಟ್ಟಿದ ಎರಡು ತುಂಡು ಆಮೇಲೆ ಜಾರಿ ಬಂದು ಪಕ್ಕಪಕ್ಕ ನಿಂತಿವೆ ಅಂತ ಅರ್ಥ. ಕ್ವಾರ್ಟ್ಜೈಟ್‌ನ ಜಿರ್ಕಾನ್ ಹರಳುಗಳ ವಯಸ್ಸು ಇದಕ್ಕೆ ಜೊತೆಯಾಗಬೇಕು. ಮರಳು ಕೊಟ್ಟ ಖಂಡದ ವಯಸ್ಸನ್ನು ಅವು ಹೇಳುತ್ತವೆ.

ಇಂಥ ಗಡಿಗಳ ಮೇಲೆ ಮಣ್ಣು, ಬೆಟ್ಟದಿಂದ ಉರುಳಿದ ಅದಿರಿನ ಕಲ್ಲು ಬಿದ್ದಿರುತ್ತದೆ, ಕೆಲವು ಕಡೆ ಗಣಿಯ ಡಂಪ್ ಕೂತಿರುತ್ತದೆ. ಮೇಲೆ ನಡೆದು ಹುಡುಕಿದರೆ ಸಿಗುವುದು ಕಷ್ಟ, ಕೋರ್‌ನಲ್ಲಿ ಸಿಗುತ್ತದೆ. ಅದಕ್ಕೇ ನಾನು ಇಲ್ಲಿ ಕೆಲಸ ಮಾಡುವ ಜೊತೆಗಾರರನ್ನು ಕೇಳಿಕೊಳ್ಳೋದು ಇಷ್ಟು: ಹಸಿರು ಬಂತು ಅಂತ ತೂತು ನಿಲ್ಲಿಸುವ ಮೊದಲು ಕೆಲವು ಮೀಟರ್ ಮುಂದೆ ಹೋಗಿ. ಲಾಗ್ ಹಾಳೆಯಲ್ಲಿ "ವೇಸ್ಟ್" ಅಂತ ಬರೆದು ಬಿಡಬೇಡಿ, ಗಡಿ ಚೂಪಾಗಿದೆಯೋ, ಅರೆದಿದೆಯೋ, ಸುಟ್ಟಿದೆಯೋ ಬರೆಯಿರಿ. ಆ ಬಾಕ್ಸ್‌ಗಳನ್ನು ಆಳದ ಗುರುತು ಅಳಿಸದಂತೆ ಎತ್ತಿಡಿ. ಬಿಸಿಲಿಗೆ ಬಿಟ್ಟರೆ ಎರಡು ಮಳೆಗಾಲದಲ್ಲಿ ಫಿಲೈಟ್ ಪುಡಿಯಾಗಿ ಗಡಿಯ ತುಂಡೇ ಮೊದಲು ಹೋಗುತ್ತದೆ.